ಕಾಣದ ಕಾವು

ಫಲ ಕಾಣದ ಪ್ರಯತ್ನವನ್ನು ವ್ಯರ್ಥವೆನ್ನುವುದು ಲೋಕರೂಢಿ. ವರ್ಷಗಟ್ಟಲೆ ಜಪ ಮಾಡಿದವನು ಮನಸ್ಸು ನಿಲ್ಲಲಿಲ್ಲವೆಂದು ಕೊರಗುತ್ತಾನೆ. ಮಕ್ಕಳನ್ನು ತಿದ್ದಿ ತಿದ್ದಿ ದಣಿದ ತಾಯಿ ತನ್ನ ಮಾತೆಲ್ಲವೂ ನೀರಿನಲ್ಲಿ ಹೋಮ ಮಾಡಿದಂತಾಯಿತೆಂದು ನಿಟ್ಟುಸಿರು ಬಿಡುತ್ತಾಳೆ. ಹೀಗೆ ಸಂದುಹೋದ ಶ್ರಮವು ನಿಜವಾಗಿ ನಷ್ಟವಾಯಿತೆ? ಈ ಪ್ರಶ್ನೆಯನ್ನು ಶಾಸ್ತ್ರಗ್ರಂಥಗಳು ವಿಚಾರ ಮಾಡಿವೆ. ಅಡಿಗೆಮನೆಯ ಒಲೆಯ ಮೇಲಿರುವ ನೀರೂ ಇದಕ್ಕೊಂದು ಉತ್ತರವನ್ನು ಸೂಚಿಸುತ್ತದೆ.

ಚೂರುಮಾಡಿದ ಮಂಜುಗಡ್ಡೆಯನ್ನು ಪಾತ್ರೆಯಲ್ಲಿ ತುಂಬಿ, ನಡುವೆ ಉಷ್ಣಮಾಪಕವನ್ನು ನಿಲ್ಲಿಸಿ, ಸಣ್ಣ ಉರಿಯ ಮೇಲಿಟ್ಟು ಕಲಕುತ್ತಿದ್ದರೆ ಒಂದು ವಿಚಿತ್ರವು ಗೋಚರಿಸುತ್ತದೆ. ಒಲೆ ಒಂದೇ ಸಮನೆ ಉರಿಯುತ್ತಿದ್ದರೂ, ಗಡ್ಡೆ ಕರಗುತ್ತಿರುವಷ್ಟು ಕಾಲವೂ ಪಾದರಸವು 0 ಡಿಗ್ರಿ ಸೆಲ್ಸಿಯಸ್ ಬಿಟ್ಟು ಮೇಲೇಳುವುದಿಲ್ಲ. ಕೊನೆಯ ಚೂರು ಕರಗಿದ ಮೇಲೆಯೇ ಅದು ಏರತೊಡಗುತ್ತದೆ. 100 ಡಿಗ್ರಿಯ ಬಳಿ ನೀರು ಕುದಿಯತೊಡಗಿದಾಗ ಮತ್ತೆ ಅದೇ ಕಥೆ. ಎಷ್ಟು ಉರಿ ಹಾಕಿದರೂ ನೀರು ಬೇಗ ಬೇಗ ಹಬೆಯಾದೀತೇ ಹೊರತು ಅದರ ಕಾವು ಏರದು.

ಇದನ್ನು ಮೊದಲು ಅಳೆದು ವಿವರಿಸಿದವನು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾಗಿದ್ದ ಜೋಸೆಫ್ ಬ್ಲ್ಯಾಕ್. 1761ರ ಸುಮಾರಿಗೆ ಅವನು ಒಂದೇ ಬಗೆಯ ಎರಡು ಗಾಜಿನ ಪಾತ್ರೆಗಳಲ್ಲಿ, ಒಂದರಲ್ಲಿ ಮಂಜುಗಡ್ಡೆಯನ್ನೂ ಇನ್ನೊಂದರಲ್ಲಿ ಅಷ್ಟೇ ತಣ್ಣಗಿನ ನೀರನ್ನೂ ಇರಿಸಿ, ಒಂದೇ ಕೊಠಡಿಯಲ್ಲಿ ಬಿಟ್ಟನು. ಅರ್ಧ ಗಂಟೆಯಲ್ಲಿ ನೀರು 7 ಫ್ಯಾರನ್‌ಹೀಟ್ ಡಿಗ್ರಿಯಷ್ಟು ಬೆಚ್ಚಗಾಯಿತು. ಮಂಜುಗಡ್ಡೆ ಕರಗಿ ಅದೇ ಮಟ್ಟವನ್ನು ಮುಟ್ಟಲು ಹತ್ತೂವರೆ ಗಂಟೆ ಹಿಡಿಯಿತು. ಕೊಠಡಿಯ ಬೆಚ್ಚನೆಯ ಗಾಳಿ ಎರಡಕ್ಕೂ ಒಂದೇ. ಹಾಗಾದರೆ ಅಷ್ಟು ಹೊತ್ತು ಗಡ್ಡೆಯೊಳಕ್ಕೆ ಹರಿದ ಶಾಖವೆಲ್ಲಿ ಹೋಯಿತು? ಕರಗುವ ಕಾರ್ಯದಲ್ಲಿಯೇ ಅದು ಅಡಗಿತು. ಅದಕ್ಕೇ ಅದರ ಹೆಸರು ಗುಪ್ತೋಷ್ಣ.

ಮಂಜುಗಡ್ಡೆಯಲ್ಲಿ ನೀರಿನ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದು ಜಾಲದಂತೆ ನಿಂತಿರುತ್ತವೆ. ಆ ಹಿಡಿತವನ್ನು ಸಡಿಲಿಸುವುದಕ್ಕೆ ಪ್ರತಿ ಗ್ರಾಮಿಗೆ ಸುಮಾರು 80 ಕ್ಯಾಲೊರಿ ಶಾಖ ಬೇಕು. ಕರಗಿದ ಆ ನೀರು 0ಯಿಂದ 100 ಡಿಗ್ರಿಗೇರಲು ಬೇಕಾದುದು 100 ಕ್ಯಾಲೊರಿ. ಆದರೆ ಅಲ್ಲಿಂದ ಒಂದು ಡಿಗ್ರಿಯೂ ಏರದೆ ಹಬೆಯಾಗುವುದಕ್ಕೆ ಬೇಕಾದುದು ಸುಮಾರು 540 ಕ್ಯಾಲೊರಿ. ನೀರಿನ ಸ್ಥಿತಿಯೇ ಬದಲಾಗುವ ಘಟ್ಟದಲ್ಲಿ ಮಾಪಕವು ಮೌನವಾಗಿರುತ್ತದೆ.

ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನಿಗೆ ಇಂಥದೇ ಒಂದು ಶಂಕೆ ಹುಟ್ಟುತ್ತದೆ. ಶ್ರದ್ಧೆಯಿದ್ದೂ ಯೋಗದಿಂದ ಜಾರಿದವನು ಚೂರಾದ ಮೋಡದಂತೆ ಎರಡೂ ಕಡೆ ಕೆಟ್ಟು ನಾಶವಾಗುವುದಿಲ್ಲವೆ ಎಂದು ಅವನು ಕೇಳುತ್ತಾನೆ. ಒಳ್ಳೆಯದನ್ನು ಮಾಡಿದವನಿಗೆ ಇಹದಲ್ಲಾಗಲಿ ಪರದಲ್ಲಾಗಲಿ ನಾಶವಿಲ್ಲವೆಂಬುದು ಶ್ರೀಕೃಷ್ಣನ ಉತ್ತರ. ಮೋಡದ ಉಪಮೆಯೇ ಈ ಉತ್ತರಕ್ಕೆ ಒತ್ತಾಸೆಯಾಗಿದೆ. ಚೂರಾದ ಮೋಡ ಕಣ್ಮರೆಯಾದಾಗ ಅದರ ಹನಿಗಳು ಸುತ್ತಲಿನ ಶಾಖವನ್ನು ಹೀರಿ ಆವಿಯಾಗಿರುತ್ತವೆ. ನೀರೂ ನಷ್ಟವಾಗಿಲ್ಲ, ಶಾಖವೂ ನಷ್ಟವಾಗಿಲ್ಲ. ಆವಿ ಮತ್ತೆಲ್ಲೋ ಹನಿಗೂಡುವಾಗ ಆ ಶಾಖವು ಹೊರಬೀಳುತ್ತದೆ.

ದೃಷ್ಟಾಂತವು ಪ್ರಮಾಣವಲ್ಲವೆಂಬ ಆಕ್ಷೇಪಣೆ ಇಲ್ಲಿ ಏಳಬಹುದು. ಅದು ನ್ಯಾಯವೂ ಹೌದು. ನೀರಿನ ಲೆಕ್ಕ ಕ್ಯಾಲೊರಿಗಳಲ್ಲಿ ಚುಕ್ತಾ ಆಗುತ್ತದೆ; ಮನುಷ್ಯನ ಶ್ರಮಕ್ಕೆ ಅಂಥ ತಕ್ಕಡಿಯಿಲ್ಲ. ಅಲ್ಲದೆ, ಒಲೆಯನ್ನೇ ಹಚ್ಚದವನು ಕಾವು ಒಳಗೆ ಅಡಗಿದೆಯೆಂದು ಹೇಳಿಕೊಂಡರೆ ಅದು ಆತ್ಮವಂಚನೆ. ನಿಜವಾದ ಸಾಧನೆಯನ್ನು ಸೋಮಾರಿತನದಿಂದ ಬೇರ್ಪಡಿಸುವ ಗುರುತು ಯಾವುದು? ಪಾದರಸವು ಕದಲದಿದ್ದರೂ ಪಾತ್ರೆಯಲ್ಲಿ ಗಡ್ಡೆ ಚಿಕ್ಕದಾಗುತ್ತಿರುವುದನ್ನು ಕಾಣಬಹುದು. ನೋಡಬೇಕಾದುದು ಅದನ್ನೇ.

ಹಾಸಿಗೆ ಹಿಡಿದು ನೆನಪಳಿದ ತಂದೆಯನ್ನು ಮಹಾನಗರದ ಇಕ್ಕಟ್ಟಾದ ಮನೆಯಲ್ಲಿ ವರ್ಷಾನುಗಟ್ಟಲೆ ಉಪಚರಿಸುವ ಮಗನಿದ್ದಾನೆನ್ನೋಣ. ತಂದೆ ಚೇತರಿಸಿಕೊಳ್ಳುವುದಿಲ್ಲ, ಮಗನ ಗುರುತನ್ನೂ ಹಿಡಿಯುವುದಿಲ್ಲ. ಲೋಕದ ಮಾಪಕದಲ್ಲಿ ಆ ಸೇವೆ ಸೊನ್ನೆಯಲ್ಲಿಯೇ ನಿಂತಿದೆ. ಆದರೆ ಮೊದಮೊದಲು ಬೇಸರದಿಂದ ಬಟ್ಟಲು ಹಿಡಿಯುತ್ತಿದ್ದ ಕೈ ಈಗ ಮೆತ್ತಗಾಗಿದ್ದರೆ, ಗದರುತ್ತಿದ್ದ ನಾಲಿಗೆ ತಗ್ಗಿದ್ದರೆ, ಅಲ್ಲಿ ಗಡ್ಡೆ ಕರಗಿದೆ. ಕರಗಿದ್ದು ಮಾತ್ರ ರೋಗಿಯಲ್ಲಲ್ಲ, ಸೇವೆ ಮಾಡಿದವನಲ್ಲಿ.

ಇದೇ ನಿಯಮಕ್ಕೆ ಎಚ್ಚರಿಕೆಯ ಇನ್ನೊಂದು ಮುಖವೂ ಉಂಟು. ಕುದಿಯುವ ನೀರಿಗಿಂತ ಅಷ್ಟೇ ಕಾವಿನ ಹಬೆ ಕೈಯನ್ನು ಹೆಚ್ಚು ಸುಡುತ್ತದೆ; ಚರ್ಮಕ್ಕೆ ತಾಗಿ ನೀರಾಗುವಾಗ ಒಳಗಡಗಿದ್ದ ಶಾಖವನ್ನೆಲ್ಲ ಅದು ಅಲ್ಲಿಯೇ ಸುರಿಯುತ್ತದೆ. ನುಂಗಿಕೊಂಡ ಅವಮಾನವೂ ಸಾಕಿಕೊಂಡ ಹಗೆಯೂ ಹೀಗೆಯೇ ಮೇಲೆ ಏನೂ ಕಾಣಿಸದೆ ಕೂಡಿಟ್ಟಿರುತ್ತವೆ. ಒಂದು ದಿನ ಹತ್ತಿರವಿದ್ದವರನ್ನೇ ಸುಡುತ್ತವೆ. ಒಳಗೆ ಎರೆದದ್ದೇ ಹೊರಗೆ ಬರುವುದು. ಆದುದರಿಂದ ಏನನ್ನು ಎರೆಯುತ್ತಿದ್ದೇವೆಂಬ ವಿವೇಕವು ಫಲದ ಚಿಂತೆಗಿಂತ ಮೊದಲು ಬರತಕ್ಕದ್ದು.

ನವರಾತ್ರಿಯ ದೀಪಕ್ಕೆ ಒಂಬತ್ತು ದಿನವೂ ಎಣ್ಣೆ ಎರೆಯುವ ಗೃಹಿಣಿ ಎರಡನೆಯ ದಿನವೇ ಫಲವೇನೆಂದು ಕೇಳುವುದಿಲ್ಲ. ಹತ್ತನೆಯ ದಿನ ಸಾಧಕನು ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ತಾನೆಷ್ಟು ಮೇಲೇರಿದೆನೆಂಬುದಲ್ಲ; ತನ್ನೊಳಗಿನ ಗಡ್ಡೆ ಎಷ್ಟು ಕರಗಿತೆಂಬುದು.