ಒಂದು ಗುಟುಕು ಗಾಳಿ

ಬಾಟಲಿ ನನ್ನ ಕೈಗೆ ಬಂದಾಗ ಅದರಲ್ಲಿ ಅರ್ಧ ಲೀಟರ್ ನೀರೂ ಇರಲಿಲ್ಲ. ಮಗಳು ಗೋಕಾಕದ ಪೇಟೆಯಿಂದ ತಂದದ್ದು. ಮುಚ್ಚಳಕ್ಕೆ ಮೊಳೆಯಿಂದ ಹೊಡೆದ ನಾಲ್ಕು ತೂತು, ತಳದಲ್ಲಿ ಐದಾರು ಬಣ್ಣದ ಹರಳು, ನಡುವೆ ನೀಲಿ ರೇಷ್ಮೆಯ ಚೂರಿನಂತೆ ಒಂದು ಗಂಡು ಬೆಟ್ಟಾ ಮೀನು. ಬಾಗಿದ ಗಾಜಿನಲ್ಲಿ ಕಾಣುವ ತನ್ನ ಬಿಂಬವನ್ನೇ ವೈರಿಯೆಂದು ಬಗೆದು ಕಿವಿರು ಉಬ್ಬಿಸುತ್ತಿತ್ತು. "ಇದಕ್ಕ ಇಷ್ಟ ಜಾಗಾ ಸಾಕ್ರೀ, ಭಾಳ ಗಟ್ಟಿ ಮೀನ ಇದು" ಎಂದಿದ್ದನಂತೆ ಮಾರಿದವನು.

ಗಟ್ಟಿ ಎಂಬುದು ಸುಳ್ಳಲ್ಲ. ಬೆಟ್ಟಾದ ಕಿವಿರಿನ ಮೇಲ್ಗಡೆ ಮಡಿಕೆ ಮಡಿಕೆಯಾದ ಒಂದು ಅಂಗವಿದೆ. ಹೊಕ್ಕವರಿಗೆ ದಾರಿ ತಪ್ಪಿಸುವ ಓಣಿಗಳಂತಿರುವುದರಿಂದ ಅದಕ್ಕೆ ಲ್ಯಾಬಿರಿಂತ್ ಎಂದು ಹೆಸರು. ಅದರ ತುಂಬ ನವಿರು ರಕ್ತನಾಳಗಳು. ಮೀನು ಮೇಲೆ ಬಂದು, ಬಾಯಿ ತೆರೆದು, ಒಂದು ಗುಟುಕು ಗಾಳಿ ನುಂಗಿ ಕೆಳಗಿಳಿಯುತ್ತದೆ. ನಮ್ಮ ಕೆರೆಗಳ ಕೊರವ ಮೀನೂ ಗಾಳಿ ಕುಡಿಯುವ ಜಾತಿಯೇ. ಮೇಲೆ ಬರುವ ದಾರಿ ಕಟ್ಟಿದರೆ ಬೆಟ್ಟಾ ನೀರೊಳಗೇ ಉಸಿರುಕಟ್ಟಿ ಸಾಯುತ್ತದೆ. ನೀರಲ್ಲಿ ಮುಳುಗಿ ಸಾಯಬಲ್ಲ ಮೀನು! ಈ ಮಾತು ತಿಳಿದ ದಿನ ನಾನು ಸುಮಾರು ಹೊತ್ತು ಬಾಟಲಿಯ ಮುಂದೆ ಸುಮ್ಮನೆ ಕೂತಿದ್ದೆ.

ಆ ವರವೇ ಅದಕ್ಕೆ ಮುಳುವಾಯಿತು. ಬೇರೆ ಮೀನು ಒಂದೇ ದಿನಕ್ಕೆ ತೇಲಿಬಿಡುವಂಥ ಕೆಟ್ಟ ನೀರಿನಲ್ಲಿ ಇದು ತಡೆದುಕೊಳ್ಳುತ್ತದೆ. ತಡೆದುಕೊಳ್ಳುವುದನ್ನೇ ನಾವು ಸುಖವೆಂದು ಲೆಕ್ಕ ಹಿಡಿದೆವು. (ಹೊಂದಿಕೊಂಡು ಹೋಗುವ ಸೊಸೆಗೆ ಅಡುಗೆಮನೆಯ ಮೂಲೆ ಸಾಕು ಎನ್ನುವ ಮನೆಗಳನ್ನೂ ಕಂಡಿದ್ದೇನೆ. ಇರಲಿ.) ಇದರ ತವರು ಥಾಯ್ಲೆಂಡಿನ ಭತ್ತದ ಗದ್ದೆ, ಜೌಗು, ಮೆಲ್ಲಗೆ ಹರಿಯುವ ಹಳ್ಳ. ನೀರು ಆಳವಿಲ್ಲದಿದ್ದರೂ ಹುಲ್ಲಿನ ನಡುವೆ ಅದು ಹರಡಿಕೊಂಡ ನೆಲ ದೊಡ್ಡದು. 2019ರಲ್ಲಿ ಆ ದೇಶ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಸಾರಿತು. ನಮ್ಮಲ್ಲಿ ಮಾತ್ರ ಉಪ್ಪಿನಕಾಯಿ ಬಾಟಲಿ. ಅದೂ ಎಂಥ ಊರಲ್ಲಿ? ಹುಕ್ಕೇರಿ ತಾಲ್ಲೂಕಿನಲ್ಲಿ ಘಟಪ್ರಭಾ ನದಿಗೆ ಕಟ್ಟಿದ ಹಿಡಕಲ್ ಜಲಾಶಯದಲ್ಲಿ 51 ಟಿಎಂಸಿ ನೀರು ನಿಲ್ಲುತ್ತದೆ. ಅದೇ ಘಟಪ್ರಭೆ ನಮ್ಮ ಗೋಕಾಕದ ಬಳಿ 50 ಮೀಟರಿಗೂ ಮೇಲಿಂದ ಧುಮುಕುತ್ತಾಳೆ. ಅಷ್ಟು ನೀರಿನ ನೆರೆಯಲ್ಲಿ ಒಂದು ಜೀವಕ್ಕೆ ಒಂದು ತಂಬಿಗೆ.

25 ಲೀಟರಿನ ಗಾಜಿನ ತೊಟ್ಟಿ ತಂದೆವು. ತೊಳೆದ ಮರಳು, ಚಳಿಗಾಲದ ರಾತ್ರಿಗೊಂದು ಪುಟ್ಟ ಹೀಟರ್, ಉದ್ದ ರೆಕ್ಕೆಯನ್ನು ಎಳೆದಾಡದಂಥ ಮೆತ್ತನೆ ಫಿಲ್ಟರ್, ಮೀನು ಜಿಗಿಯದಂತೆ ಮುಚ್ಚಳ. ಗಿಡಕ್ಕೆ ದುಡ್ಡು ಕೊಡಲಿಲ್ಲ. ಮೂಡಲಗಿ ಕಡೆಯ ಕಾಲುವೆಯೊಂದರಲ್ಲಿ ಹೈಡ್ರಿಲ್ಲಾ ಬೇಕಾದಷ್ಟಿತ್ತು. ತಂದು, ಏಳೆಂಟು ಸಲ ಜಾಲಿಸಿ, ಶಂಖದ ಹುಳುವಿನ ತತ್ತಿ ಒರೆಸಿ ನೆಟ್ಟೆ. ಮರುದಿನ ಹತ್ತು ಗಂಟೆಯ ಬಿಸಿಲು ಕಿಟಕಿಯಿಂದ ಬಿದ್ದದ್ದೇ ತಡ, ಒಂದು ಎಲೆಯ ತುದಿಯಿಂದ ಸೂಜಿಮೊನೆಯಷ್ಟು ಗುಳ್ಳೆ ಎದ್ದಿತು. ಅದರ ಹಿಂದೆ ಇನ್ನೊಂದು. ಆಮೇಲೆ ದಾರದಲ್ಲಿ ಪೋಣಿಸಿದಂತೆ ಸಾಲುಸಾಲು. ಸಾಲಿಯಲ್ಲಿ ಎಂಟನೇ ಇಯತ್ತೆಗೆ ಮಾಸ್ತರರು ಬೀಕರಿನಲ್ಲಿ ಇದೇ ಗಿಡ ಇಟ್ಟು ಆಮ್ಲಜನಕ ತೋರಿಸಿದ್ದರು. ಆಗ ಚಿತ್ರ ಬರೆದು ಅಂಕ ತೆಗೆದುಕೊಂಡಿದ್ದೆ. ನೋಡಿದ್ದು ಮಾತ್ರ ಈಗ.

ಮೇಲೆ ತೇಲಿಸಲು ಅಂತರಗಂಗೆ. ಬೇರನ್ನು ನೆಲಕ್ಕೆ ತಾಗಿಸದೆ ನೀರಿನಲ್ಲೇ ಇಳಿಬಿಟ್ಟ ಗಿಡಕ್ಕೆ ಆ ಹೆಸರಿಟ್ಟವರು ಯಾರೋ, ಅವರ ಕಾಲಿಗೆ ಬೀಳಬೇಕು. ಕೊನೆಗೆ ಹುಕ್ಕೇರಿಯಲ್ಲಿ ಅಕ್ಕನ ಅಂಗಳದಿಂದ ಕಾಡುಬಾದಾಮಿಯ ಒಣ ಎಲೆ. ದಿನಾ ಗುಡಿಸಿ ಸಾಕಾಗಿ ಅವಳು ಬೈಯುವ ಎಲೆ. "ಮೀನಕ್ಕ ಕಸಾ ತಿನಸ್ತೀಯೇನೋ?" ಎಂದಳು. ತಿನ್ನಿಸುವುದಕ್ಕಲ್ಲ. ಅದರ ಒಗರು ನೀರಿಗಿಳಿದು ತೊಟ್ಟಿ ತೆಳು ಚಹಾದ ಬಣ್ಣಕ್ಕೆ ತಿರುಗುತ್ತದೆ, ಎಲೆ ಕೊಳೆತ ಹಳ್ಳದ ನೀರಿನ ಹಾಗೆ. ಥಾಯ್ಲೆಂಡಿನ ಬೆಟ್ಟಾ ಸಾಕುವವರೂ ಇದೇ ಎಲೆ ಹಾಕುತ್ತಾರೆ.

ಆಮೇಲೆ ಕಾಯುವ ಕೆಲಸ. ಮೀನಿನ ಹೇಲಿನಿಂದಾಗುವ ಅಮೋನಿಯಾ ಅದಕ್ಕೇ ವಿಷ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಮರಳಲ್ಲಿ, ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಿ ಅದನ್ನು ನೈಟ್ರೈಟಾಗಿ, ಮತ್ತೆ ನೈಟ್ರೇಟಾಗಿ ಮಾಡಬೇಕು. ಉಳಿದದ್ದು ಗಿಡಕ್ಕೆ ಗೊಬ್ಬರ. ಈ ಸಂಸಾರ ಕೂಡಿಬರಲು ವಾರಗಳೇ ಬೇಕು. ಅಲ್ಲಿಯವರೆಗೆ ಮೀನು ಬಕೆಟ್ಟಿನಲ್ಲಿ. ಕ್ಲೋರಿನ್ ಹಾರಿಹೋಗಲೆಂದು ನಲ್ಲಿ ನೀರನ್ನು ರಾತ್ರಿಯಿಡೀ ತೆರೆದಿಟ್ಟು ದಿನಾ ಬದಲಿಸಿದ್ದಾಯಿತು. "ಖಾಲಿ ತೊಟ್ಟಿಗೆ ಪೂಜೆ ನಡದೈತಿ" ಎಂದು ಮನೆಯಾಕೆ ನಕ್ಕಳು.

ಬಿಟ್ಟ ದಿನ ಏನೂ ನಡೆಯಲಿಲ್ಲ. ಮೂಲೆ ಹಿಡಿದು ಕೂತಿತು. ನಾಲ್ಕನೇ ದಿನ ಬಾದಾಮಿ ಎಲೆಯ ಮೇಲೆ ಹೊಟ್ಟೆ ಊರಿ ಮಲಗಿದ್ದು ಕಂಡಿತು. ಹೆಣವೆಂದೇ ಹೆದರಿದೆವು. ಅಷ್ಟರಲ್ಲಿ ಮೇಲೆದ್ದು ಬಂದು ಗುಟುಕು ಗಾಳಿ ಕುಡಿದು ಮತ್ತೆ ಹಾಸಿಗೆಗೆ ಹೋಯಿತು.

ಆಷಾಢದ ಒಂದು ಬೆಳಗ್ಗೆ ಅಂತರಗಂಗೆಯ ಕೆಳಗೆ ಸೋಪಿನ ನೊರೆಯಂಥದ್ದು ಕಾಣಿಸಿತು. ಗಂಡು ಬೆಟ್ಟಾ ಗೂಡು ಕಟ್ಟಿತ್ತು. ಹೆಣ್ಣು ಇಟ್ಟ ತತ್ತಿಗಳನ್ನು ಬಾಯಲ್ಲಿ ಎತ್ತಿ ಈ ಗುಳ್ಳೆಗಳ ನಡುವೆ ಇರಿಸಿ ಕಾಯುವವನು ಅವನೇ. ಇಲ್ಲಿ ಹೆಣ್ಣಿಲ್ಲ, ಆದರೂ ಕಟ್ಟುತ್ತಾನೆ. ಇದು ಸಂತೋಷದ ಗುರುತು ಎಂದು ಕೆಲವರು ಹೇಳುತ್ತಾರೆ. ನನಗೆ ಅಷ್ಟು ಧೈರ್ಯವಿಲ್ಲ. ಬಗ್ಗಿ ನೋಡಿದೆ. ಮೇಲೆ ಬಂದ, ಗಾಳಿ ನುಂಗಿದ, ಎಂಜಲಿನಲ್ಲಿ ಸುತ್ತಿ ಉಗುಳಿದ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ, ಹಂಚಿನ ಹೊಗೆ, ಕಿಟಕಿಯಾಚೆ ಮಳೆಯ ವಾಸನೆ. ಅವನು ನುಂಗಿದ್ದು ಆ ಗಾಳಿಯನ್ನೇ. ಮಗಳು ಗಾಜಿಗೆ ಮೂಗು ಒತ್ತಿ ಗುಳ್ಳೆ ಎಣಿಸುತ್ತಿದ್ದಳು. ಮೂವತ್ತೇಳಕ್ಕೆ ಬಂದಿದ್ದಳೋ ಏನೋ, ಅವನು ಇನ್ನೊಂದು ಉಗುಳಿದ, ಲೆಕ್ಕ ತಪ್ಪಿತು. "ತಡಿಯೋ ಮಾರಾಯಾ" ಎಂದು ಬೈದು ಮತ್ತೆ ಒಂದರಿಂದ ಶುರುಮಾಡಿದಳು.