ಅತಿಯಾದರೆ ಅಮೃತವೂ ವಿಷ



ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದಿಂದ ಗುಡ್ಡಕ್ಕೆ ಬರುವವರು ದಾರಿಯುದ್ದಕ್ಕೂ ಕಬ್ಬಿನ ಹಸಿರು ನೋಡುತ್ತ ಬರುತ್ತಾರೆ. ಆ ಭಾಗದಲ್ಲಿ ಅಲ್ಲಲ್ಲಿ ಸುಣ್ಣ ಬಳಿದಂತೆ ಬೆಳ್ಳಗಾದ, ಬೆಳೆ ಏಳದ ಹೊಲಗಳೂ ಉಂಟು. ಅದಕ್ಕೆ ರೈತರು ಸವಳು-ಜವಳು ಭೂಮಿ ಅಂತಾರೆ. ಅದು ಬರಗಾಲದಿಂದ ಕೆಟ್ಟದ್ದಲ್ಲ, ನೀರು ಹೆಚ್ಚಾಗಿ ಕೆಟ್ಟದ್ದು. ಹಾಗಾದರೆ ‘ಇಷ್ಟು ಸಾಕು’ ಎನ್ನುವ ಮಿತಿ ಎಲ್ಲಿದೆ? ಅದನ್ನು ಹಾಕುವವರು ಯಾರು?

ಯರಿ ಭೂಮಿಯಲ್ಲಿ ನೀರು ಬೇಗ ಬಸಿಯುವುದಿಲ್ಲ. ವರ್ಷವೆಲ್ಲ ಕಬ್ಬಿಗೆ ಹಾಯಿಸಿದ ಹೆಚ್ಚಿನ ನೀರು ತಳದಲ್ಲಿ ಸೇರಿ ಮೇಲೇರುತ್ತದೆ. ಎರಡು ಮೀಟರಿನೊಳಗೆ ಬಂತೆಂದರೆ, ದೀಪದ ಬತ್ತಿ ಎಣ್ಣೆ ಎಳೆದಂತೆ ಮಣ್ಣು ಅದನ್ನು ಮೇಲಕ್ಕೆಳೆಯುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ.

ಮಣ್ಣಿನ ಉಪ್ಪನ್ನು ಶಾಸ್ತ್ರಜ್ಞರು ವಿದ್ಯುತ್ ವಾಹಕತೆಯ ಅಂಕದಿಂದ ಅಳೆಯುತ್ತಾರೆ. ಅಂಕ 4 ದಾಟಿದರೆ ಸವಳು ಭೂಮಿ ಎಂದು ಲೆಕ್ಕ. ಆದರೆ ಕಬ್ಬು 1.7 ದಾಟಿದಾಗಲೇ ಸೊರಗಲು ಶುರು. ಅಲ್ಲಿಂದ ಮುಂದೆ ಒಂದೊಂದು ಅಂಕಕ್ಕೂ ನೂರಕ್ಕೆ ಸುಮಾರು 6ರಷ್ಟು ಇಳುವರಿ ಇಳಿಯುತ್ತದೆ. ಕಣ್ಣಿಗೆ ಬಿಳುಪು ಕಾಣುವ ಹೊತ್ತಿಗೆ ಮಿತಿ ಎಂದೋ ದಾಟಿರುತ್ತದೆ. ಆದ್ದರಿಂದ ಮಿತಿಯನ್ನು ಕೆಡುವ ಮುಂಚೆಯೇ ಹಾಕಿಕೊಳ್ಳಬೇಕು.

ಇನ್ನೊಂದು ಮಾತು. ಹೆಚ್ಚು ನೀರು ಹಾಯಿಸಿದವನು ಮೇಲಿನ ಹೊಲದವನಾದರೆ, ಜವಳು ಹಿಡಿಯೋದು ತಗ್ಗಿನ ಹೊಲಕ್ಕೆ. ಬಸಿಗಾಲುವೆ ತೋಡಿದರೂ ಆ ಉಪ್ಪುನೀರು ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ, ಕೊನೆಗೆ ಕೆಳಗಿನ ಊರಿನವರ ಪಾಲಿಗೆ. ‘ನನ್ನ ಹೊಲ, ನನ್ನ ನೀರು’ ಅನ್ನೋ ಮಾತು ಇಲ್ಲಿ ನಿಲ್ಲೋದಿಲ್ಲ. ಹಾಗಂತ ಸಾಲ ಮಾಡಿ ಕಬ್ಬು ಹಚ್ಚಿದ ಒಬ್ಬ ರೈತನಿಗೆ ‘ನೀನು ಕಡಿಮೆ ಮಾಡು’ ಅಂದರೆ ಅದೂ ನ್ಯಾಯವಲ್ಲ. ಅವನು ಬಿಟ್ಟ ನೀರನ್ನು ಪಕ್ಕದವನು ಹಾಯಿಸಿಕೊಂಡರೆ ಭೂಮಿಗೆ ಏನು ಲಾಭ? ಎಲ್ಲರೂ ಕೂಡಿ ಹಾಕಿಕೊಂಡ ಮಿತಿ ಮಾತ್ರ ನಿಲ್ಲುತ್ತದೆ.

ಕೂಡಿ ಮಾಡೋದು ಈ ಭಾಗಕ್ಕೆ ಹೊಸದಲ್ಲ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ತಾವೇ ದುಡ್ಡು ಹಾಕಿ, ಮೈಮುರಿದು ದುಡಿದು ಚಿಕ್ಕಪಡಸಲಗಿಯಲ್ಲಿ ಬ್ಯಾರೇಜ್ ಕಟ್ಟಿದರು. ನೀರು ತರಲು ಕೂಡಿದ ಕೈಗಳು ನೀರಿಗೆ ಅಳತೆ ಹಾಕಲೂ ಕೂಡಬಹುದು. ಹನಿ ನೀರಾವರಿ, ಕಬ್ಬಿನ ನಂತರ ಬೇರೆ ಬೆಳೆ, ಹಸಿರೆಲೆ ಗೊಬ್ಬರ, ತಪ್ಪದೆ ಮಣ್ಣು ಪರೀಕ್ಷೆ, ಇವೇ ಆ ಅಳತೆಯ ದಾರಿಗಳು.

ಗುಡಿಯಲ್ಲಿ ತೀರ್ಥಕ್ಕೆ ಎಲ್ಲರೂ ಅಂಗೈ ಒಡ್ಡುತ್ತಾರೆ, ಕೊಡ ಒಡ್ಡುವುದಿಲ್ಲ. ಹಿಂದೆ ಸಾಲಿನಲ್ಲಿ ನಿಂತವರಿಗೂ ಸಿಗಬೇಕಲ್ಲ! ಊರಿಗೆ ಮರಳಿ ಹೊಲಕ್ಕೆ ನೀರು ಬಿಡುವಾಗ ತಗ್ಗಿನ ಹೊಲದವನ ನೆನಪೂ ಹಾಗೇ ಇರಲಿ.