ನೆರಳಿನ ಋಣ

ಜಹೀರಾಬಾದಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಪಯಣಿಸಿದವರು, ಹೊಲಗಳ ನಡುವೆ ಸುಣ್ಣ ಬಳಿದ ನಿವೇಶನದ ಕಲ್ಲುಗಳು ಸಾಲಾಗಿ ನಿಂತಿರುವುದನ್ನು ಕಂಡಿರಬಹುದು. ಪಕ್ಕದ ಫಲಕದಲ್ಲಿ ಉದ್ಯಾನದ ಚಿತ್ರವಿರುತ್ತದೆ. ಹೊಲದಲ್ಲಿದ್ದ ಬೇವಿನ ಮರವಿರುವುದಿಲ್ಲ. ಬಡಾವಣೆ ಕಟ್ಟುವ ವ್ಯಾಪಾರಿಯು ಅಲ್ಲಿ ಬಾಳುವವರಿಗೆ ನೆರಳನ್ನೂ ನೀರನ್ನೂ ಕೊಡತಕ್ಕವನೋ, ಅಥವಾ ಕಾನೂನು ಕೇಳಿದಷ್ಟು ಜಾಗ ಬಿಟ್ಟು ಕೈತೊಳೆದುಕೊಳ್ಳಬಹುದೋ?

ಹಿಂದಿನವರು ಕೆರೆಯನ್ನೂ ವನವನ್ನೂ ಸಪ್ತಸಂತಾನಗಳಲ್ಲಿ ಎಣಿಸಿದರು. ಅವರೆಲ್ಲರೂ ನಿಃಸ್ವಾರ್ಥಿಗಳು, ಇಂದಿನವರು ಲೋಭಿಗಳು ಎಂದು ತೀರ್ಪು ಕೊಡುವುದು ಸುಲಭ; ನಮಗೆ ಅದು ಒಪ್ಪಿಗೆಯಿಲ್ಲ. ಶಾಸನಗಳನ್ನು ಓದಿದವರಿಗೆ ‘ಕಟ್ಟುಕೊಡಗೆ’ಯೆಂಬ ಮಾತು ಪರಿಚಿತವಾದುದು. ಕೆರೆ ಕಟ್ಟಿಸಿದವನಿಗೆ, ಜೀರ್ಣವಾದುದನ್ನು ಸರಿಪಡಿಸಿದವನಿಗೆ ಭೂಮಿಯನ್ನು ಬಿಡುತ್ತಿದ್ದರು. ಅವನಿಗೂ ಲಾಭವಿತ್ತೆಂದಾಯಿತು. ಆದರೆ ಆ ಭೂಮಿ ಹಲವೆಡೆ ಅದೇ ಕೆರೆಯ ಕೆಳಗಿರುತ್ತಿತ್ತು. ಏರಿ ಒಡೆದರೆ ಅವನ ಗದ್ದೆಯೂ ಕೊಚ್ಚಿಹೋಗುತ್ತಿತ್ತು. ಇಂದಿನ ವ್ಯಾಪಾರಿಯ ಲಾಭವು ನಿವೇಶನ ಮಾರಿದ ದಿನವೇ ಅವನ ಕೈಸೇರುತ್ತದೆ. ನೆಟ್ಟ ಸಸಿ ಒಣಗುವಾಗ, ಚರಂಡಿ ಉಕ್ಕುವಾಗ, ಅವನು ಇನ್ನೊಂದು ಊರಿನ ಹೊಲವನ್ನು ಅಳೆಯುತ್ತಿರುತ್ತಾನೆ. ಲಾಭಕ್ಕೂ ನೀರಿಗೂ ಇದ್ದ ನಂಟು ಕಡಿದುಹೋದುದೇ ಇಲ್ಲಿಯ ಕೇಡು ಎಂದು ನಮಗೆ ತೋರುತ್ತದೆ.

ಕಾನೂನಿಲ್ಲದೆ ಇಲ್ಲ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯಿದೆಯು, ಬಡಾವಣೆಯ ಶೇಕಡಾ 15ಕ್ಕೆ ಕಡಮೆಯಿಲ್ಲದಷ್ಟು ನೆಲವನ್ನು ಉದ್ಯಾನಕ್ಕೂ ಆಟದ ಬಯಲಿಗೂ ಬಿಡಬೇಕೆನ್ನುತ್ತದೆ. ಅಲ್ಲಿಯ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಡಲಾಯಿತು. ಕೊಟ್ಟವರು ವ್ಯಾಪಾರಿಗಳಲ್ಲ, ಆಳುವವರೇ! ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಆ ಹಂಚಿಕೆ ಸಲ್ಲದೆಂದು 1991ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಆಸ್ಪತ್ರೆಯೂ ಒಳ್ಳೆಯದಲ್ಲವೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಒಳ್ಳೆಯದೇ. ಆದರೆ ಉದ್ಯಾನಕ್ಕೆ ಬಡವನ ಮಗುವೂ ಶುಲ್ಕವಿಲ್ಲದೆ ಹೋಗುತ್ತದೆ.

ಈ ಮಾತು ಕೇವಲ ಅಂದಚೆಂದದ್ದಲ್ಲ. ಸಿಮೆಂಟು ಹೊದ್ದ ನೆಲ ಮಳೆಯನ್ನು ಕುಡಿಯಲಾರದು. 2020ರ ಅಕ್ಟೋಬರಿನ ಮಳೆಯಲ್ಲಿ ಹೈದರಾಬಾದಿನ ತಗ್ಗಿನ ಬಡಾವಣೆಗಳು ಮುಳುಗಿದುದನ್ನು ನಮ್ಮ ಕಲ್ಹೇರ್, ನಾರಾಯಣಖೇಡ ಸೀಮೆಯವರು ಮರೆತಿಲ್ಲ. ನಮ್ಮವರೆಷ್ಟೋ ಮಂದಿ ಹೊಟ್ಟೆಪಾಡಿಗೆ ಅಲ್ಲಿದ್ದಾರೆ. ವಿಚಿತ್ರವೆಂದರೆ, ಮಳೆಯ ನೀರಿಗೆ ಜಾಗ ಉಳಿಸದ ಆ ನಗರಕ್ಕೆ ನಮ್ಮ ಮಂಜೀರೆಯ ಸಿಂಗೂರು ಜಲಾಶಯದಿಂದ ಕುಡಿಯುವ ನೀರು ಹೋಗುತ್ತದೆ.

ವ್ಯಾಪಾರಿಯದೂ ಒಂದು ಮಾತಿದೆ: ಕೊಳ್ಳುವವರು ಮರಕ್ಕೆ ಬೆಲೆ ಕೊಡುವುದಿಲ್ಲ, ಗಜದ ದರವನ್ನಷ್ಟೇ ನೋಡುತ್ತಾರೆ ಎಂದು. ಇದು ಸುಳ್ಳೆನ್ನಲು ನಮಗೆ ನಾಲಗೆ ಏಳದು. ಸಸಿಗಳು ಬೇರೂರಿ ಚರಂಡಿಗಳು ಎರಡು ಮೂರು ಮಳೆಗಾಲ ಕಾಣುವವರೆಗೆ ಕ್ರಯದ ಒಂದು ಪಾಲನ್ನು ತಡೆದಿಡುವ ಕಟ್ಟಳೆಯಾದರೆ ಹಳೆಯ ನಂಟು ಮರಳಿ ಕೂಡೀತು. ಅದಕ್ಕೆ ಮೊದಲು ಕೊಳ್ಳುವವರು ಕೇಳಬೇಕು. ನಮ್ಮ ಉಪಾಧ್ಯಾಯ ಮಿತ್ರರೊಬ್ಬರು ನಿವೇಶನ ನೋಡಲು ಹೋದಾಗ, ಈ ಹೊಲದ ಹಳ್ಳ ಎತ್ತ ಹರಿಯುತ್ತದೆಂದು ಕೇಳಿದರು. ಮಾರುವಾತನು ನಕ್ಷೆಯನ್ನು ಎರಡು ಸಲ ತಿರುಗಿಸಿ ನೋಡಿದನು. ಹಳ್ಳವನ್ನು ಅದರಲ್ಲಿ ಬರೆದೇ ಇರಲಿಲ್ಲ.